ಅನ್ನನಾಳಕ್ಕೆ ಸ್ಟೆಂಟ್: ನಿರ್ಧಾರದಿಂದ ಊಟದ ತಟ್ಟೆಯವರೆಗೆ

ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಅನ್ನನಾಳದ ಕಾಯಿಲೆ ಎಷ್ಟೋ ಸಲ ಮೊದಲು ಗೊತ್ತಾಗುವುದು ಮುದ್ದೆಯ ಮುಂದೆ ಕುಳಿತಾಗ. ಅಗಿಯದೆ ಸಾರಿನಲ್ಲಿ ಅದ್ದಿ ನುಂಗುವ ತುತ್ತು ಎದೆಯ ನಡುವೆ ನಿಂತಂತಾಗುತ್ತದೆ, ಒಂದು ಗುಟುಕು ನೀರು ಕುಡಿದರೆ ಇಳಿಯುತ್ತದೆ. ಒಂದೆರಡು ವಾರ ತುತ್ತನ್ನು ಚಿಕ್ಕದು ಮಾಡಿಕೊಂಡು ಕಾಲ ತಳ್ಳುತ್ತಾರೆ. ಆಮೇಲೆ ಮುದ್ದೆ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ, ಗಂಜಿಯೂ ಇಳಿಯದಾದಾಗ ಆಸ್ಪತ್ರೆ. ಉತ್ತರ ಕರ್ನಾಟಕದಲ್ಲಿ ಇದೇ ಕಥೆ ಖಡಕ್ ರೊಟ್ಟಿಯಿಂದ ಶುರುವಾಗುತ್ತದೆ. ಕಿದ್ವಾಯಿ ಸಂಸ್ಥೆ ನಡೆಸಿಕೊಂಡು ಬಂದಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಅನ್ನನಾಳದ ಕ್ಯಾನ್ಸರ್ ಬಹುಕಾಲದಿಂದ ಮುಂಚೂಣಿಯ ಸಾಲಿನಲ್ಲಿದೆ. ಬೀಡಿ, ಸಿಗರೇಟು, ಮದ್ಯ, ಹೊಗೆಸೊಪ್ಪು ಹಾಕಿದ ಎಲೆ ಅಡಿಕೆ ಇದಕ್ಕೆ ಚೆನ್ನಾಗಿ ಗೊತ್ತಿರುವ ಕಾರಣಗಳು. ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಕಾಯಿಲೆ ಮುಂದುವರಿದಿರುವುದು ಸಾಮಾನ್ಯವಾದ್ದರಿಂದ, ‘ಸ್ಟೆಂಟ್ ಹಾಕೋಣವೇ?’ ಎಂಬ ಪ್ರಶ್ನೆ ಅನೇಕ ಕುಟುಂಬಗಳ ಮುಂದೆ ಒಂದೇ ಮಧ್ಯಾಹ್ನದಲ್ಲಿ ಬಂದು ನಿಲ್ಲುತ್ತದೆ. ಆ ಮಧ್ಯಾಹ್ನ ಏನು ಕೇಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಇದು ರೋಗಿಯ ಜೊತೆಗಿರುವವರಿಗೆ ಬರೆದದ್ದು. ಚಿಕಿತ್ಸೆಯ ತೀರ್ಮಾನ ರೋಗಿಯನ್ನು ಪರೀಕ್ಷಿಸಿದ ವೈದ್ಯರೊಂದಿಗೇ ಆಗಬೇಕು.

ಸ್ಟೆಂಟ್ ಎಂದೊಡನೆ ನಮ್ಮ ಜನರಿಗೆ ಹೃದಯ ನೆನಪಾಗುತ್ತದೆ. ಕಿರಿದಾದ ದಾರಿಯನ್ನು ಒಳಗಿನಿಂದ ತೆರೆದಿಡುವ ಅನ್ನನಾಳದ ಸ್ಟೆಂಟ್ ಅದೇ ಜಾತಿಯದಾದರೂ ಗಾತ್ರದಲ್ಲಿ ಬಹಳ ದೊಡ್ಡದು: ಹೃದಯದ ರಕ್ತನಾಳದ ಸ್ಟೆಂಟ್ ಮೂರು ಮಿಲಿಮೀಟರ್ ಆಸುಪಾಸಿನ ಅಗಲದ್ದಾದರೆ, ಇದು ತೆರೆದುಕೊಂಡಾಗ 18ರಿಂದ 23 ಮಿಲಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಆಚೀಚೆ ಉದ್ದ. ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಎಂಬ ಲೋಹದ ಸಣ್ಣ ತಂತಿಗಳನ್ನು ಬಲೆಯಂತೆ ಹೆಣೆದು ಇದನ್ನು ಮಾಡುತ್ತಾರೆ. ಈ ಲೋಹಕ್ಕೆ ತನ್ನ ಮೂಲ ಆಕಾರದ ನೆನಪಿರುತ್ತದೆ. ಅದುಮಿ ತೆಳುವಾದ ನಳಿಕೆಯೊಳಗೆ ತುಂಬಿಟ್ಟರೂ, ದೇಹದ ಶಾಖದಲ್ಲಿ ಬಿಡುಗಡೆಯಾದೊಡನೆ ಹಿಗ್ಗಿ ಮೊದಲಿನ ಅಗಲಕ್ಕೆ ಮರಳಲು ನೋಡುತ್ತದೆ. ‘ಸ್ಟೆಂಟ್’ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ದಂತವೈದ್ಯ ಚಾರ್ಲ್ಸ್ ಸ್ಟೆಂಟ್ ಅವರಿಂದ ಬಂದದ್ದು. ಅವರು ಕಂಡುಹಿಡಿದದ್ದು ಹಲ್ಲಿನ ಅಚ್ಚು ತೆಗೆಯುವ ಮೇಣದಂಥ ವಸ್ತುವನ್ನು, ಕರುಳಿಗೂ ಅವರಿಗೂ ನಂಟಿರಲಿಲ್ಲ. 1920ರ ದಶಕದಲ್ಲಿ ಹೆನ್ರಿ ಸೌಟರ್ ಎಂಬ ಶಸ್ತ್ರವೈದ್ಯರು ತಂತಿಯನ್ನು ಸುರುಳಿ ಸುತ್ತಿದ ಕೊಳವೆಯನ್ನು ಅನ್ನನಾಳದ ಗೆಡ್ಡೆಯೊಳಗೆ ಇಳಿಸುತ್ತಿದ್ದರು, ಆಮೇಲೆ ಬಿರುಸಾದ ಪ್ಲಾಸ್ಟಿಕ್ ಕೊಳವೆಗಳ ಕಾಲ ಬಂತು. ತಾನೇ ಹಿಗ್ಗುವ ಲೋಹದ ಬಲೆ ವ್ಯಾಪಕವಾಗಿ ಬಳಕೆಗೆ ಬಂದದ್ದು 1990ರ ದಶಕದಲ್ಲಿ.

ಮೊದಲ ಹೆಜ್ಜೆ: ಅಡಚಣೆ ಯಾವುದು ಎಂದು ಖಚಿತಪಡಿಸಿಕೊಳ್ಳಿ

ವಯಸ್ಕರ ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲಕ್ಕೆ ಹಿಗ್ಗಬಲ್ಲ ಮೆತುವಾದ ಕೊಳವೆ. ಆ ದಾರಿ 13 ಮಿಲಿಮೀಟರಿಗಿಂತ ಕಿರಿದಾದಾಗ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುತ್ತದೆ. ಗಟ್ಟಿಯದು ಮೊದಲು, ಮೆತ್ತಗಿನದು ಆಮೇಲೆ, ಕೊನೆಗೆ ನೀರು ಎಂಬ ಕ್ರಮದಲ್ಲಿ ತೊಂದರೆ ಕೆಲವೇ ತಿಂಗಳಲ್ಲಿ ಬೆಳೆದರೆ ಗೆಡ್ಡೆಯ ಅನುಮಾನ ಬಲವಾಗುತ್ತದೆ. ಮೊದಲ ದಿನದಿಂದಲೇ ಅನ್ನವೂ ನೀರೂ ಎರಡೂ ಇಳಿಯದಿದ್ದರೆ ನಾಳದ ಸ್ನಾಯುಗಳ ಚಲನೆಯ ದೋಷವಿರಬಹುದು. ಅದಕ್ಕೆ ಸ್ಟೆಂಟ್ ಮದ್ದಲ್ಲ. ಆಸಿಡ್ ಕುಡಿದವರಲ್ಲಿ ನಾಳ ಸುಟ್ಟು, ಗಾಯ ಮಾಯುವಾಗ ಸುರುಟಿಕೊಂಡು ಕಿರಿದಾಗುತ್ತದೆ. ಅಲ್ಲಿ ಮೊದಲ ಚಿಕಿತ್ಸೆ ಹಂತಹಂತವಾಗಿ ಅಗಲಿಸುವುದು. ಸಣ್ಣ ಕರುಳಿನಲ್ಲಿ ಕ್ಷಯರೋಗದಿಂದ ಆಗುವ ಕಿರಿದಾಗುವಿಕೆ ನಮ್ಮ ದೇಶದಲ್ಲಿ ಅಪರೂಪವಲ್ಲ, ಅದಕ್ಕೆ ಕ್ಷಯದ ಮಾತ್ರೆಗಳೇ ಆಧಾರ.

ಆದುದರಿಂದ ಎಂಡೋಸ್ಕೋಪಿಯಲ್ಲಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಪರೀಕ್ಷೆಯಲ್ಲಿ) ತೆಗೆದ ತುಣುಕಿನ ಬಯಾಪ್ಸಿ ವರದಿ ಕೈಗೆ ಬರುವವರೆಗೆ ಲೋಹದ ಸ್ಟೆಂಟಿನ ಮಾತಿಗೆ ಅವಸರ ಬೇಡ. ಸಿ.ಟಿ. ಸ್ಕ್ಯಾನ್ ಎರಡನೆಯ ಆಧಾರ: ಗೆಡ್ಡೆ ಎಷ್ಟು ಉದ್ದವಿದೆ, ಶ್ವಾಸನಾಳಕ್ಕೆ ಅಂಟಿದೆಯೇ, ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದೆಯೇ ಎಂಬುದು ಅದರಲ್ಲಿ ತಿಳಿಯುತ್ತದೆ. ಇನ್ನೊಂದು ಸಂಗತಿಯನ್ನು ವೈದ್ಯರಿಗೆ ನೀವೇ ಹೇಳಬೇಕು: ನೀರು ಕುಡಿದ ಪ್ರತಿ ಸಲವೂ ಕೆಮ್ಮು ಉಕ್ಕುತ್ತದೆಯೇ? ಹೌದಾದರೆ ಅನ್ನನಾಳಕ್ಕೂ ಶ್ವಾಸನಾಳಕ್ಕೂ ನಡುವೆ ರಂಧ್ರವಾಗಿರಬಹುದು; ಆಗ ಇಡೀ ಲೆಕ್ಕಾಚಾರವೇ ಬದಲಾಗುತ್ತದೆ.

ನುಂಗುವ ಕಷ್ಟವನ್ನು ವೈದ್ಯರು ಸೊನ್ನೆಯಿಂದ ನಾಲ್ಕರವರೆಗೆ ಅಳೆಯುತ್ತಾರೆ. ಎಲ್ಲವನ್ನೂ ತಿನ್ನಬಲ್ಲವರು ಸೊನ್ನೆ, ಕೆಲವು ಗಟ್ಟಿ ಪದಾರ್ಥ ಮಾತ್ರ ತಿನ್ನಬಲ್ಲವರು ಒಂದು, ಗಂಜಿ ಮತ್ತು ಮಿದ್ದ ಅನ್ನದಂಥದು ಮಾತ್ರವಾದರೆ ಎರಡು, ಬರೀ ದ್ರವವಾದರೆ ಮೂರು, ಉಗುಳೂ ಇಳಿಯದಿದ್ದರೆ ನಾಲ್ಕು. ‘ಊಟ ಸೇರುತ್ತಿಲ್ಲ’ ಎಂದು ಹೇಳುವುದಕ್ಕಿಂತ, ಯಾವ ವಾರದಿಂದ ಯಾವ ಪದಾರ್ಥ ಬಿಟ್ಟರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಹೊರರೋಗಿ ವಿಭಾಗದ ಆ ಐದು ನಿಮಿಷ ಸಾರ್ಥಕವಾಗುತ್ತದೆ.

ಎರಡನೆಯ ಹೆಜ್ಜೆ: ಸ್ಟೆಂಟ್ ಯಾರಿಗೆ, ಯಾರಿಗಲ್ಲ

ಸ್ಟೆಂಟ್ ಕ್ಯಾನ್ಸರನ್ನು ಗುಣಪಡಿಸುವುದಿಲ್ಲ, ಕುಗ್ಗಿಸುವುದೂ ಇಲ್ಲ. ಮುಚ್ಚಿದ ದಾರಿಯನ್ನು ಬಲವಂತವಾಗಿ ತೆರೆದಿಡುತ್ತದೆ, ಅಷ್ಟೇ. ಈ ಒಂದು ವಾಕ್ಯವನ್ನು ಮನೆಮಂದಿಗೆಲ್ಲ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೃದಯದ ಸ್ಟೆಂಟ್ ಹಾಕಿಸಿಕೊಂಡು ತಿಂಗಳಲ್ಲೇ ಹೊಲಕ್ಕೆ ಹೋದವರನ್ನು ಕಂಡ ನೆಂಟರು ಇಲ್ಲಿಯೂ ಅದನ್ನೇ ನಿರೀಕ್ಷಿಸುತ್ತಾರೆ.

ಕಾಯಿಲೆ ಗುಣವಾಗುವ ಹಂತದಲ್ಲಿದ್ದು ಶಸ್ತ್ರಚಿಕಿತ್ಸೆಯನ್ನೋ, ಕೀಮೋ ಮತ್ತು ವಿಕಿರಣವನ್ನು ಒಟ್ಟಾಗಿ ಕೊಡುವುದನ್ನೋ ಯೋಜಿಸಿದ್ದರೆ, ಅದಕ್ಕೂ ಮುಂಚೆ ‘ಸದ್ಯಕ್ಕೆ ಊಟ ಇಳಿಯಲಿ’ ಎಂದು ಲೋಹದ ಸ್ಟೆಂಟ್ ಹಾಕಿಸುವುದು ಸರಿಯಲ್ಲ. ಯುರೋಪಿನ ಜಠರ-ಕರುಳಿನ ಎಂಡೋಸ್ಕೋಪಿ ತಜ್ಞರ ಸಂಘ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಅಂಥವರಿಗೆ ಮೂಗಿನ ಮೂಲಕ ಇಳಿಸುವ ತೆಳು ಕೊಳವೆಯೋ, ಹೊಟ್ಟೆಯ ಮೇಲಿನಿಂದ ಸಣ್ಣ ಕರುಳಿಗೆ ಜೋಡಿಸುವ ಆಹಾರದ ಕೊಳವೆಯೋ ಮೇಲು. ನೋಡಲು ಕಷ್ಟವೆನಿಸಿದರೂ ಮುಂದಿನ ಚಿಕಿತ್ಸೆಗೆ ಅವು ಅಡ್ಡಿಯಾಗುವುದಿಲ್ಲ.

ಗುಣಪಡಿಸುವ ಚಿಕಿತ್ಸೆ ಸಾಧ್ಯವಿಲ್ಲ ಎಂದು ತೀರ್ಮಾನವಾದವರಲ್ಲೂ ಆಯ್ಕೆ ಒಂದೇ ಅಲ್ಲ. ಅನ್ನನಾಳದೊಳಗೇ ವಿಕಿರಣದ ಮೂಲವನ್ನಿಟ್ಟು ಒಂದೇ ಸಲಕ್ಕೆ ಕೊಡುವ ಬ್ರೇಕಿಥೆರಪಿ ಎಂಬ ವಿಧಾನವಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ 209 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಹೋಲಿಕೆಯ ಅಧ್ಯಯನದಲ್ಲಿ, ಸ್ಟೆಂಟ್ ಹಾಕಿಸಿಕೊಂಡವರಿಗೆ ನುಂಗುವುದು ಬೇಗ ಸಲೀಸಾಯಿತು. ಆದರೆ ಕೆಲವು ತಿಂಗಳುಗಳಾಚೆ ನೋಡಿದರೆ ಬ್ರೇಕಿಥೆರಪಿ ಪಡೆದವರದೇ ಮೇಲುಗೈ, ತೊಡಕುಗಳೂ ಕಡಿಮೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ರೋಗಿಗೆ ಉಳಿದಿರುವುದು ವಾರಗಳೋ, ತಿಂಗಳುಗಳೋ? ಕೇಳಲು ಬಾಯಿ ಬಾರದ ಪ್ರಶ್ನೆ ನಿಜ. ಆದರೂ ರೋಗಿಯ ಅನುಮತಿ ಪಡೆದು ಕೇಳಿ. ಉತ್ತರದ ಮೇಲೆ ಚಿಕಿತ್ಸೆಯ ಆಯ್ಕೆ ನಿಂತಿದೆ. ದೇಹ ತೀರ ಕುಗ್ಗಿದ್ದು, ಕಾಯಿಲೆ ಹರಡಿದ್ದು, ಉಗುಳನ್ನೂ ನುಂಗಲಾಗದ ಸ್ಥಿತಿಯಿದ್ದರೆ ಸ್ಟೆಂಟ್ ಕೊಡುವಷ್ಟು ಬೇಗ ಬೇರೆ ಯಾವುದೂ ನೆಮ್ಮದಿ ಕೊಡುವುದಿಲ್ಲ. ಶ್ವಾಸನಾಳದೊಂದಿಗೆ ರಂಧ್ರವಾದವರಿಗಂತೂ ಹೊದಿಕೆಯಿರುವ ಸ್ಟೆಂಟೇ ಮೊದಲ ಆಯ್ಕೆ, ಏಕೆಂದರೆ ಅದು ದಾರಿ ತೆರೆಯುವುದರ ಜೊತೆಗೆ ರಂಧ್ರವನ್ನೂ ಮುಚ್ಚುತ್ತದೆ.

ಮೂರನೆಯ ಹೆಜ್ಜೆ: ಯಾವ ಸ್ಟೆಂಟ್, ಎಷ್ಟು ಖರ್ಚು

ಬರಿಯ ಬಲೆಯಾಗಿರುವುದು ಒಂದು, ಬಲೆಗೆ ತೆಳುವಾದ ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಹೊದಿಕೆ ಇರುವುದು ಇನ್ನೊಂದು. ಬರಿಯ ಬಲೆ ಗೋಡೆಗೆ ಕಚ್ಚಿಕೊಂಡು ಕೂರುತ್ತದೆ, ಆದರೆ ಅದರ ಕಣ್ಣುಗಳ ಮೂಲಕ ಗೆಡ್ಡೆ ಒಳಗೆ ಬೆಳೆದು ದಾರಿಯನ್ನು ಮತ್ತೆ ಮುಚ್ಚುತ್ತದೆ. ಪೂರ್ತಿ ಹೊದಿಕೆಯದು ಗೆಡ್ಡೆಯನ್ನು ತಡೆಯುತ್ತದೆ, ಬೇಕಾದಾಗ ತೆಗೆಯಲೂ ಬರುತ್ತದೆ, ಆದರೆ ಜಾರುವ ಸ್ವಭಾವದ್ದು. ಎರಡು ತುದಿ ಬರಿದಾಗಿದ್ದು ನಡುವೆ ಹೊದಿಕೆಯಿರುವುದು ಇವೆರಡರ ನಡುವಿನ ರಾಜಿ. ಅನ್ನನಾಳದ ಕ್ಯಾನ್ಸರಿನಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಹೊದಿಕೆಯಿರುವುದನ್ನೇ ಬಳಸುತ್ತಾರೆ. ಗೆಡ್ಡೆಯ ಮೇಲೆ ಸುಮಾರು ಎರಡು, ಕೆಳಗೆ ಎರಡು ಸೆಂಟಿಮೀಟರ್ ಚಾಚುವಷ್ಟು ಉದ್ದದ್ದನ್ನು ಆರಿಸುತ್ತಾರೆ. ಗೆಡ್ಡೆ ಗಂಟಲಿಗೆ ತೀರ ಹತ್ತಿರವಿದ್ದರೆ ಸದಾ ಏನೋ ಸಿಕ್ಕಿಕೊಂಡಂತೆ ಅನ್ನಿಸುವ ಕಿರಿಕಿರಿ ಇರುತ್ತದೆ. ಸ್ಟೆಂಟ್ ಜಠರದ ಬಾಯಿಯನ್ನು ದಾಟಿದ್ದರೆ ಹುಳಿತೇಗು ಮತ್ತು ಎದೆಯುರಿ ಸಾಮಾನ್ಯ. ನಿಮ್ಮ ರೋಗಿಯದು ಇವೆರಡರಲ್ಲಿ ಯಾವುದಾದರೂ ಹೌದೇ ಎಂದು ಕೇಳಿಟ್ಟುಕೊಳ್ಳಿ.

ಖರ್ಚಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ಬೆಲೆಗೆ ಮಿತಿ ಹಾಕಿದ್ದು ಹೃದಯದ ರಕ್ತನಾಳದ ಸ್ಟೆಂಟ್‌ಗಳಿಗೆ. ಆ ದರಪಟ್ಟಿ ಹಿಡಿದುಕೊಂಡು ಅನ್ನನಾಳದ ಸ್ಟೆಂಟಿಗೆ ಚೌಕಾಸಿ ಮಾಡಲು ಬರುವುದಿಲ್ಲ. ಲೋಹದ ಸ್ಟೆಂಟ್ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ, ಎಂಡೋಸ್ಕೋಪಿ ಮತ್ತು ವಾರ್ಡಿನ ಖರ್ಚು ಬೇರೆ. ಬಿ.ಪಿ.ಎಲ್. ಕಾರ್ಡ್ ಇರುವ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ದಾಖಲಾಗುವ ಮೊದಲೇ ಕಂಡು ಮೂರು ಸಂಗತಿ ಕೇಳಿ: ಈ ಆಸ್ಪತ್ರೆ ಯೋಜನೆಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ, ಪ್ಯಾಕೇಜಿನ ಮೊತ್ತದಲ್ಲಿ ಸ್ಟೆಂಟಿನ ಬೆಲೆ ಸೇರಿದೆಯೇ ಅಥವಾ ಹೊರಗಿನಿಂದ ತರಬೇಕೇ. ಮಂಜೂರಾತಿ ಬರುವ ಮೊದಲೇ ಕೈಯಿಂದ ಹಣ ಕಟ್ಟಿ, ಆಮೇಲೆ ವಾಪಸು ಕೇಳುವ ದಾರಿ ಹಿಡಿಯಬೇಡಿ.

ನಾಲ್ಕನೆಯ ಹೆಜ್ಜೆ: ಹಿಂದಿನ ಎರಡು ದಿನ

ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಗಳ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೊದಲಾದವನ್ನು ನಿಲ್ಲಿಸಬೇಕೋ, ಎಷ್ಟು ದಿನ ಮುಂಚೆ ನಿಲ್ಲಿಸಬೇಕೋ ಎಂಬುದನ್ನು ಎಂಡೋಸ್ಕೋಪಿ ವೈದ್ಯರೂ ಹೃದಯದ ವೈದ್ಯರೂ ಸೇರಿ ಹೇಳಬೇಕು. ಮನೆಯಲ್ಲಿ ತಾವೇ ನಿಲ್ಲಿಸಿದರೆ ಹೃದಯದ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಇನ್ಸುಲಿನ್ ಎಷ್ಟು ಎಂದು ಬರೆಸಿಕೊಳ್ಳಬೇಕು. ಸಾಮಾನ್ಯ ಎಂಡೋಸ್ಕೋಪಿಗೆ ಆರೆಂಟು ಗಂಟೆಯ ಉಪವಾಸ ಸಾಕು, ಆದರೆ ಮುಚ್ಚಿದ ಅನ್ನನಾಳದಲ್ಲಿ ನಿನ್ನೆಯ ಗಂಜಿ ಇವತ್ತೂ ನಿಂತಿರುತ್ತದೆ. ಅದು ಅರೆಪ್ರಜ್ಞೆಯಲ್ಲಿ ಶ್ವಾಸಕೋಶಕ್ಕೆ ಹರಿದರೆ ನ್ಯುಮೋನಿಯಾ ಆಗುತ್ತದೆ. ಆದ್ದರಿಂದ ಹಿಂದಿನ ದಿನವೆಲ್ಲ ತಿಳಿಯಾದ ದ್ರವ ಮಾತ್ರ ಎಂದು ಹೇಳಿದರೆ ‘ಶಕ್ತಿಗೆ ಇರಲಿ’ ಎಂದು ಹಾಲು, ರಾಗಿ ಮಾಲ್ಟ್ ಕೊಡಬೇಡಿ. ಕಟ್ಟಿದ ಹಲ್ಲಿದ್ದರೆ ತೆಗೆಯಿರಿ, ಅಲ್ಲಾಡುವ ಹಲ್ಲಿದ್ದರೆ ತಿಳಿಸಿ.

ಐದನೆಯ ಹೆಜ್ಜೆ: ಎಂಡೋಸ್ಕೋಪಿ ಕೋಣೆಯಲ್ಲಿ

ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಒಳಗೆ ನಡೆಯುವುದು ಗೊತ್ತಿದ್ದರೆ ಸ್ವಲ್ಪ ಧೈರ್ಯ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ನಿದ್ದೆ ಬರುವ ಔಷಧ ಕೊಡುತ್ತಾರೆ. ಎಂಡೋಸ್ಕೋಪು ಗೆಡ್ಡೆಯವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ನುಸುಳದಿದ್ದರೆ ಇನ್ನೂ ತೆಳುವಾದ ಎಂಡೋಸ್ಕೋಪನ್ನು ಬಳಸುತ್ತಾರೆ ಅಥವಾ ದಾರಿಯನ್ನು ಕೊಂಚವೇ ಅಗಲಿಸುತ್ತಾರೆ. ಆಮೇಲೆ ಗೆಡ್ಡೆಯ ಮೂಲಕ ಜಠರದವರೆಗೆ ಒಂದು ನಯವಾದ ತಂತಿಯನ್ನು ಇಳಿಸಿ, ಎಕ್ಸ್‌ರೇ ಪರದೆಯ ಮೇಲೆ ಗೆಡ್ಡೆಯ ಮೇಲಂಚು ಕೆಳಂಚುಗಳನ್ನು ಗುರುತಿಸಿಕೊಳ್ಳುತ್ತಾರೆ. ಮಡಚಿದ ಸ್ಟೆಂಟ್ ಇರುವ ನಳಿಕೆ ಆ ತಂತಿಯ ಮೇಲೆಯೇ ಜಾರಿ ಜಾಗಕ್ಕೆ ಬರುತ್ತದೆ. ಮೇಲಿನ ಕವಚವನ್ನು ನಿಧಾನವಾಗಿ ಹಿಂದಕ್ಕೆಳೆದಂತೆ ಬಲೆ ಒಂದು ತುದಿಯಿಂದ ಅರಳುತ್ತ ಬರುತ್ತದೆ. ಎಕ್ಸ್‌ರೇಯಲ್ಲಿ ಅದು ಡಮರುಗದ ಹಾಗೆ ಕಾಣುತ್ತದೆ: ತುದಿಗಳು ಅಗಲ, ಗೆಡ್ಡೆ ಅದುಮಿದಲ್ಲಿ ಸಣ್ಣ ನಡು. ಆ ನಡುವೂ ಮುಂದಿನ ಒಂದರಿಂದ ಮೂರು ದಿನಗಳಲ್ಲಿ ಬಹುಮಟ್ಟಿಗೆ ಹಿಗ್ಗುತ್ತದೆ. ಇಡೀ ಕೆಲಸಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆಯ ಆಚೀಚೆ ಹಿಡಿಯುತ್ತದೆ. ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ.

ಆರನೆಯ ಹೆಜ್ಜೆ: ಮೊದಲ ಮೂರು ದಿನ

ಎದೆನೋವು ಬರುತ್ತದೆ, ಕೆಲವರಿಗೆ ಬೆನ್ನಿನವರೆಗೂ. ಬಲೆ ಹಿಗ್ಗುತ್ತಿರುವುದರಿಂದ ಬರುವ ಈ ನೋವು ಔಷಧಕ್ಕೆ ಬಗ್ಗಬೇಕು, ದಿನ ಕಳೆದಂತೆ ಇಳಿಯಬೇಕು. ತಡೆದುಕೊಳ್ಳುವುದೇ ದೊಡ್ಡತನ ಎಂದುಕೊಳ್ಳದೆ ನೋವಿನ ಔಷಧವನ್ನು ಕೇಳಿ ಪಡೆಯಿರಿ. ಆದರೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ, ಕತ್ತಿನ ಚರ್ಮ ಊದಿಕೊಂಡು ಬೆರಳಿನಿಂದ ಒತ್ತಿದಾಗ ಚರಚರ ಎಂದರೆ ಅನ್ನನಾಳ ತೂತಾಗಿರುವ ಸಾಧ್ಯತೆಯಿದೆ. ಬೆಳಗಾಗಲಿ ಎಂದು ಕಾಯುವಂತಿಲ್ಲ. ರಕ್ತ ವಾಂತಿಯಾದರೂ, ಮಲ ಡಾಂಬರಿನಂತೆ ಕಪ್ಪಾದರೂ ಹಾಗೆಯೇ. ಕುಡಿಯಲು ಅನುಮತಿ ಸಿಗುವುದು ಕೆಲವು ಗಂಟೆಗಳ ಮೇಲೆ. ಮೊದಲು ಗುಟುಕು ಗುಟುಕಾಗಿ ನೀರು, ಆ ದಿನ ದ್ರವ, ಎರಡನೆಯ ದಿನದಿಂದ ಗಂಜಿಯಂಥದು.

ಏಳನೆಯ ಹೆಜ್ಜೆ: ತಟ್ಟೆ

ನನ್ನ ಅನುಭವದಲ್ಲಿ ಆಸ್ಪತ್ರೆಗಳು ಅತಿ ಕಡಿಮೆ ಹೇಳಿ ಕಳುಹಿಸುವುದು ಈ ಹೆಜ್ಜೆಯ ಬಗ್ಗೆಯೇ. ನಮ್ಮ ದೊಡ್ಡಪ್ಪನಿಗೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗ ಡಿಸ್ಚಾರ್ಜ್ ಸಮ್ಮರಿಯಲ್ಲಿ ಊಟದ ಬಗ್ಗೆ ‘ಸಾಫ್ಟ್ ಡಯಟ್’ ಎಂಬ ಎರಡು ಪದಗಳಿದ್ದವು. ದೊಡ್ಡಮ್ಮ ಅದರಂತೆಯೇ ಅನ್ನವನ್ನು ಮೆತ್ತಗೆ ಬೇಯಿಸಿ, ತಿಳಿಸಾರು ಹಾಕಿ ಕಲಸಿ ಕೊಡುತ್ತಿದ್ದರು. ಒಂಬತ್ತನೆಯ ದಿನ ರಾತ್ರಿ ಉಗುಳೂ ಇಳಿಯದಂತಾಯಿತು. ಮತ್ತೆ ಎಂಡೋಸ್ಕೋಪಿ ಮಾಡಿ ತೆಗೆದದ್ದು ಒಗ್ಗರಣೆಯ ಎರಡು ಕರಿಬೇವಿನ ಎಲೆ, ಒಂದು ಚೂರು ಒಣಮೆಣಸಿನಕಾಯಿ ಸಿಪ್ಪೆ, ಅವುಗಳ ಮೇಲೆ ಕಟ್ಟಿಕೊಂಡ ಅನ್ನದ ಮುದ್ದೆ. ಅನ್ನ ಮೆತ್ತಗೇ ಇತ್ತು. ಎಲೆ ಬಲೆಗೆ ಅಡ್ಡ ಬಿದ್ದು ಜರಡಿಯಾಗಿತ್ತು.

ನಾವು ಅರ್ಥ ಮಾಡಿಕೊಳ್ಳಬೇಕಾದದ್ದು ಇಷ್ಟು. ಸಹಜ ಅನ್ನನಾಳ ತುತ್ತನ್ನು ಹಿಂಡಿ ಹಿಂಡಿ ಕೆಳಕ್ಕೆ ತಳ್ಳುತ್ತದೆ. ಸ್ಟೆಂಟ್ ಇರುವ ಭಾಗಕ್ಕೆ ಆ ಹಿಂಡುವ ಶಕ್ತಿಯಿಲ್ಲ. ಅಲ್ಲಿ ಆಹಾರ ಇಳಿಯುವುದು ಬಹುಮಟ್ಟಿಗೆ ತನ್ನ ಭಾರದಿಂದ ಮತ್ತು ಜೊತೆಗೆ ಕುಡಿದ ದ್ರವದಿಂದ. ಆದ್ದರಿಂದ ಪದಾರ್ಥ ಮೆತ್ತಗಿದೆಯೇ ಎಂಬ ಒಂದೇ ಪ್ರಶ್ನೆ ಸಾಲದು. ಅಂಟುತ್ತದೆಯೇ, ನಾರಿದೆಯೇ, ಸಿಪ್ಪೆಯಿದೆಯೇ ಎಂದೂ ನೋಡಬೇಕು.

ಮುದ್ದೆ ಎಷ್ಟು ಮೆತ್ತಗಿದ್ದರೂ ಅಂಟುವ ಪದಾರ್ಥ, ಅದರ ಮೇಲೆ ಅಗಿಯದೆ ನುಂಗುವ ಅಭ್ಯಾಸ; ಅದನ್ನು ಬಿಡಲೇಬೇಕು. ರಾಗಿಯೇ ಬೇಕೆನ್ನುವವರಿಗೆ ಹಿಟ್ಟನ್ನು ಸೋಸಿ ಮಾಡಿದ ತೆಳು ಗಂಜಿ, ಮಜ್ಜಿಗೆ ಬೆರೆಸಿದ ಅಂಬಲಿ ಇದೆ. ಜೋಳದ ರೊಟ್ಟಿ, ಚಪಾತಿ, ಬ್ರೆಡ್ಡು ಒದ್ದೆಯಾದಾಗ ಹಿಟ್ಟಿನ ಉಂಡೆಯಾಗುತ್ತವೆ, ಬೇಡ. ನುಗ್ಗೆಕಾಯಿ, ದಂಟಿನ ಸೊಪ್ಪಿನ ನಾರು, ಹಲಸಿನ ತೊಳೆ, ಕಿತ್ತಳೆ ಮತ್ತು ಮೋಸಂಬಿಯ ತೊಳೆ, ಟೊಮೆಟೊ ಸಿಪ್ಪೆ, ಇಡಿ ಕಾಳು, ಕೊಬ್ಬರಿ ಚೂರು, ಕಡಲೆಬೀಜ, ಮುಳ್ಳಿರುವ ಮೀನು, ನಾರುನಾರಾದ ಮಾಂಸ ಇವೆಲ್ಲ ಹೊರಗೆ. ಸಾರನ್ನು ಒಗ್ಗರಣೆ ಹಾಕಿದ ಮೇಲೆ ಟೀ ಸೋಸುವ ಜಾಲರಿಯಲ್ಲಿ ಸೋಸಿ. ರುಚಿ ಉಳಿಯುತ್ತದೆ, ಎಲೆ ಹೋಗುತ್ತದೆ.

ಕೊಡಬಹುದಾದದ್ದೂ ಕಡಿಮೆಯಿಲ್ಲ. ಹೆಸರುಬೇಳೆ ಪೊಂಗಲನ್ನು ಮೆಣಸಿನ ಕಾಳಿಲ್ಲದೆ ನೀರಾಗಿ ಮಾಡಿ ಮಿದ್ದು ಕೊಡಬಹುದು. ಇಡ್ಲಿಯನ್ನು ಹಾಲಿನಲ್ಲೋ ತಿಳಿಸಾರಿನಲ್ಲೋ ಪೂರ್ತಿ ಕರಗುವಂತೆ ನೆನೆಸಬಹುದು. ಸಣ್ಣ ರವೆಯ ತೆಳು ಗಂಜಿ, ಮೊಸರು, ಕಡೆದ ಬೇಳೆಕಟ್ಟು, ಮಿಕ್ಸಿಗೆ ಹಾಕಿ ಸೋಸಿದ ತರಕಾರಿ, ತುಂಬ ಮೆತ್ತಗೆ ಕಲಕಿ ಬೇಯಿಸಿದ ಮೊಟ್ಟೆ, ಹಣ್ಣಾದ ಪಪ್ಪಾಯಿಯನ್ನು ಕಿವುಚಿದ್ದು, ಸಪೋಟದ ತಿರುಳನ್ನು ಹಾಲಿನೊಡನೆ ಅರೆದದ್ದು ಎಲ್ಲ ಆಗುತ್ತದೆ. ಹೊಟ್ಟೆಗೆ ಹೋಗುವ ಪ್ರಮಾಣ ಸ್ವಲ್ಪವಾದ್ದರಿಂದ ಪ್ರತಿ ಬಟ್ಟಲಿಗೂ ಒಂದು ಚಮಚ ತುಪ್ಪವೋ ಹಾಲಿನ ಪುಡಿಯೋ ಸೇರಿಸಿ. ಮೂರು ಹೊತ್ತಿನ ಬದಲು ದಿನಕ್ಕೆ ಆರು ಸಲ ಕೊಡಿ.

ಕೂರುವ ರೀತಿಯೂ ಚಿಕಿತ್ಸೆಯೇ. ಹಾಸಿಗೆಯಲ್ಲಿ ಒರಗಿಸಿ ತಿನ್ನಿಸಬೇಡಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ. ಎರಡು ಮೂರು ಚಮಚಕ್ಕೊಮ್ಮೆ ಬೆಚ್ಚಗಿನ ನೀರಿನ ಗುಟುಕು, ಊಟ ಮುಗಿದ ಮೇಲೆ ಅರ್ಧ ಲೋಟ ನೀರು ಅಥವಾ ಸೋಡಾ. ಗುಳ್ಳೆ ಬರುವ ಪಾನೀಯ ಬಲೆಯನ್ನು ತೊಳೆದಂತೆ ಮಾಡುತ್ತದೆ. ತಿಂದ ಮೇಲೆ ಒಂದೆರಡು ಗಂಟೆ ಮಲಗುವಂತಿಲ್ಲ. ದೊಡ್ಡ ಮಾತ್ರೆಗಳಿಗೆ ಬದಲಾಗಿ ಸಿರಪ್ ಸಿಗುತ್ತದೆಯೇ ಎಂದು ಕೇಳಿ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡಲು ಬರುವುದಿಲ್ಲ, ನಿಧಾನವಾಗಿ ಕರಗಲೆಂದು ಮಾಡಿದವನ್ನು ಪುಡಿ ಮಾಡಿದರೆ ಔಷಧ ಒಮ್ಮೆಲೇ ಮೈಗೆ ಹತ್ತುತ್ತದೆ.

ಎಂಟನೆಯ ಹೆಜ್ಜೆ: ಸಿಕ್ಕಿಕೊಂಡರೆ

ತುತ್ತು ನಿಂತಿತು ಎಂದೊಡನೆ ತಿನ್ನುವುದನ್ನು ನಿಲ್ಲಿಸಿ. ಬಾಳೆಹಣ್ಣೋ ಅನ್ನದ ಉಂಡೆಯೋ ನುಂಗಿಸಿ ತಳ್ಳುವ ಹಳೆಯ ಉಪಾಯ ಮೀನಿನ ಮುಳ್ಳಿಗೂ ಒಳ್ಳೆಯದಲ್ಲ, ಸ್ಟೆಂಟಿಗಂತೂ ಅಪಾಯ. ರೋಗಿ ಎದ್ದು ನಿಂತು ನಾಲ್ಕು ಹೆಜ್ಜೆ ನಡೆಯಲಿ; ಉಗುಳು ಇಳಿಯುತ್ತಿದ್ದರೆ ಬೆಚ್ಚಗಿನ ನೀರನ್ನೋ ಸೋಡಾವನ್ನೋ ಗುಟುಕು ಗುಟುಕಾಗಿ ಕುಡಿಯಲಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಒಂದೆರಡು ಗಂಟೆಯಲ್ಲಿ ಬಿಡದಿದ್ದರೆ, ಅಥವಾ ಉಗುಳೇ ಹೊರಬರುತ್ತಿದ್ದರೆ ತಕ್ಷಣವೇ, ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಊರಿಗೆ ಹತ್ತಿರದಲ್ಲಿ ರಾತ್ರಿಯೂ ಎಂಡೋಸ್ಕೋಪಿ ಮಾಡುವ ಜಾಗ ಯಾವುದು ಎಂಬುದನ್ನು ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಬರೆದುಕೊಂಡಿರಿ. ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚಾಗಿ ಆ ಸೌಲಭ್ಯವಿರುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಮುಂದಿನ ವಾರಗಳು

ಸ್ಟೆಂಟ್ ಜಠರದ ಬಾಯಿಯನ್ನು ದಾಟಿದ್ದರೆ ಆಮ್ಲ ತಡೆಯುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳಬೇಕಾಗುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಆರು ಇಂಚಿನಷ್ಟು ಇಟ್ಟಿಗೆ ಕೊಡಿ. ಬರೀ ದಿಂಬು ಏರಿಸಿದರೆ ಕತ್ತು ಬಗ್ಗುತ್ತದೆ, ಎದೆ ಏರುವುದಿಲ್ಲ. ಚೆನ್ನಾಗಿ ಇಳಿಯುತ್ತಿದ್ದ ಗಂಜಿ ಒಂದೇ ದಿನದಲ್ಲಿ ನಿಂತರೆ ಆಹಾರ ಸಿಕ್ಕಿದೆ ಅಥವಾ ಸ್ಟೆಂಟ್ ಜಾರಿದೆ. ವಾರಗಳಲ್ಲಿ ನಿಧಾನವಾಗಿ ಕಷ್ಟ ಮರಳಿದರೆ ಗೆಡ್ಡೆ ತುದಿಯನ್ನು ದಾಟಿ ಬೆಳೆದಿದೆ. ಎರಡಕ್ಕೂ ದಾರಿಯಿದೆ: ಜಾರಿದ್ದನ್ನು ಸರಿಪಡಿಸುತ್ತಾರೆ ಅಥವಾ ತೆಗೆದು ಬೇರೆಯದನ್ನು ಹಾಕುತ್ತಾರೆ, ಗೆಡ್ಡೆ ಬೆಳೆದಿದ್ದರೆ ಹಳೆಯದರೊಳಗೇ ಇನ್ನೊಂದನ್ನು ಇಡುತ್ತಾರೆ. ಹೊಸದಾಗಿ ಕೆಮ್ಮು ಶುರುವಾದರೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ ತೋರಿಸಬೇಕು. ಸ್ಟೆಂಟಿನ ಹೆಸರು, ಉದ್ದ, ಹಾಕಿದ ತಾರೀಖು ಇರುವ ಕಾರ್ಡನ್ನು ಕೇಳಿ ಪಡೆದು ಆಧಾರ್ ಕಾರ್ಡಿನ ಜೊತೆಗಿಡಿ, ಎಂ.ಆರ್.ಐ. ಮಾಡುವ ಮುನ್ನ ಅವರು ಅದನ್ನೇ ಕೇಳುತ್ತಾರೆ.

ಕರುಳಿನ ಬೇರೆ ಜಾಗಗಳಲ್ಲಿ

ಜಠರದಿಂದ ಸಣ್ಣ ಕರುಳಿಗೆ ಇಳಿಯುವ ದಾರಿ ಮುಚ್ಚಿದಾಗ ಲಕ್ಷಣ ಬೇರೆ: ತಿಂದದ್ದು ಇಳಿಯುತ್ತದೆ, ಆದರೆ ಗಂಟೆಗಳ ಮೇಲೆ ಹಾಗೆಯೇ ವಾಂತಿಯಾಗುತ್ತದೆ. ಅಲ್ಲಿ ಹೆಚ್ಚಾಗಿ ಬಳಸುವುದು ಹೊದಿಕೆಯಿಲ್ಲದ ಬಲೆಯನ್ನು. ನೆದರ್‌ಲ್ಯಾಂಡ್ಸ್‌ನಲ್ಲೇ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಬೇಗ ಉಣ್ಣತೊಡಗಿದರು. ಎರಡು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿರುವವರಿಗೆ ಜಠರವನ್ನು ಸಣ್ಣ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯೇ ಲೇಸು ಎಂಬ ತೀರ್ಮಾನಕ್ಕೆ ಅಧ್ಯಯನಕಾರರು ಬಂದರು. ದೊಡ್ಡ ಕರುಳಿನ ಎಡಭಾಗ ಗೆಡ್ಡೆಯಿಂದ ಮುಚ್ಚಿ ಹೊಟ್ಟೆ ಉಬ್ಬರಿಸಿ ಬಂದವರಿಗೆ ಸ್ಟೆಂಟ್ ತುರ್ತು ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ಸೇತುವೆಯಾಗಬಲ್ಲದು. ಸುಮಾರು ಎರಡು ವಾರದಲ್ಲಿ ಮೈ ಸುಧಾರಿಸಿಕೊಂಡ ಮೇಲೆ ಗೆಡ್ಡೆಯನ್ನು ತೆಗೆಯುತ್ತಾರೆ. ಮುಚ್ಚುವ ಲಕ್ಷಣವೇ ಇಲ್ಲದವರಿಗೆ ‘ಮುಂಜಾಗ್ರತೆಗೆ’ ಎಂದು ದೊಡ್ಡ ಕರುಳಿಗೆ ಸ್ಟೆಂಟ್ ಹಾಕುವುದಿಲ್ಲ. ಬೆವಾಸಿಜುಮಾಬ್ ಎಂಬ ಕ್ಯಾನ್ಸರ್ ಔಷಧ ಪಡೆಯುತ್ತಿರುವವರಲ್ಲಿ ಕರುಳು ತೂತಾಗುವ ಅಪಾಯ ಹೆಚ್ಚು, ಅದನ್ನು ಮೊದಲೇ ಹೇಳಬೇಕು.

ಪಿತ್ತನಾಳದ ಸ್ಟೆಂಟ್ ಊಟದ ದಾರಿಯದಲ್ಲ, ಕಾಮಾಲೆ ಇಳಿಸಲು ಹಾಕುವಂಥದು. ಆದರೆ ಅದೇ ಎಂಡೋಸ್ಕೋಪಿ ವಿಭಾಗದಲ್ಲಿ ಹಾಕುವುದರಿಂದ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಅಲ್ಲಿ ಪ್ಲಾಸ್ಟಿಕ್ಕಿನದನ್ನು ಹಾಕಿದ್ದರೆ ಸುಮಾರು ಮೂರು ತಿಂಗಳಲ್ಲಿ ತೆಗೆಯಬೇಕು ಅಥವಾ ಬದಲಿಸಬೇಕು. ಕಾಮಾಲೆ ಇಳಿದು, ಊಟ ಸೇರಿ, ಎಲ್ಲರೂ ಅದನ್ನು ಮರೆತಿರುವ ಹೊತ್ತಿಗೆ ಅದು ಕಟ್ಟಿಕೊಂಡು ಚಳಿಜ್ವರ ಬರಿಸುತ್ತದೆ. ಡಿಸ್ಚಾರ್ಜ್ ಆದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮೂರನೆಯ ತಿಂಗಳ ಹಾಳೆ ತೆಗೆದು ಆ ತಾರೀಖಿನ ಸುತ್ತ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಸ್ಟೆಂಟ್ ತೆಗೆಸುವುದು’ ಎಂದು ಬರೆದಿಡಿ.